ಹಿರೇಹಾಳು ಹೊರರಾಜ್ಯವಂತೆ

ಜನವರಿ 9, ಗುರುವಾರ

ಶೇಂಗಾ ಹುರಿದು ಸಿಪ್ಪೆ ಕೇರಿದ್ದಾಯಿತು. ಕೆಮ್ಮು ಇನ್ನೂ ನಿಂತಿಲ್ಲ — ಹಾಳು ಮೆಣಸಿನಕಾಯಿ ಘಾಟು. ಹತ್ತಕ್ಕೆ ಪಾಪಕ್ಕನ ಫೋನ್. ಹಿರೇಹಾಳಿನವರು. ಮುಖ ನೋಡಿಲ್ಲ. ವಾರಕ್ಕೊಂದು ಪ್ಯಾಕೆಟ್ ಚಟ್ನಿಪುಡಿ, ಬಳ್ಳಾರಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತೇನೆ. ಆರ್ಡರ್ ಅರ್ಧ ನಿಮಿಷ, ಮಾತು ಒಂದು ಗಂಟೆ. “ಅಮ್ಮಾಯಿ, ಉಂಡ್ಯಾ?” ಅಂತ ಕೇಳುವವರು ಅವ್ವ ಹೋದ ಮೇಲೆ ಅವರೊಬ್ಬರೇ.

ಜನವರಿ 13, ಸೋಮವಾರ

ಚಳ್ಳಕೆರೆ. ಫುಡ್ ಲೈಸೆನ್ಸ್ ರಿನ್ಯೂವಲ್‌ಗೆ ಹೋದರೆ, ಟ್ಯಾಕ್ಸ್ ಕೆಲಸ ನೋಡುವ ರವಿಕಿರಣ್ ಹೊಸ ತಲೆನೋವು ತಗುಲಿಸಿದ.

“ಕಾಂಚನಕ್ಕಾ, ಹಿರೇಹಾಳು ಆಂಧ್ರ. ಹೊರರಾಜ್ಯಕ್ಕೆ ಒಂದು ಪ್ಯಾಕೆಟ್ ಮಾರಿದ್ರೂ ಜಿಎಸ್‌ಟಿ ನಂಬರ್ ಬೇಕು.”

“ಬಳ್ಳಾರಿಗೂ ಕಳಿಸ್ತೀನಲ್ಲೋ?”

“ಬಳ್ಳಾರಿ ನಮ್ದು. ನಿಮ್ದು ಸಣ್ಣ ವ್ಯಾಪಾರ, ರಾಜ್ಯದೊಳಗೆ ನಂಬರ್ ಬೇಕಾಗಿಲ್ಲ.”

ದೂರದ ಬಳ್ಳಾರಿ ನಮ್ಮದಂತೆ, ದಾರಿಯಲ್ಲೇ ಸಿಗುವ ಹಿರೇಹಾಳು ಪರರಾಜ್ಯವಂತೆ! ನಕ್ಕೆ. ಅವನು ನಗಲಿಲ್ಲ. ನಂಬರ್ ಮಾಡಿಸಿದರೆ ತಪ್ಪದೆ ರಿಟರ್ನ್ ಹಾಕುತ್ತಿರಬೇಕು. ಇಲ್ಲವೇ ಪಾಪಕ್ಕನೇ ನಮ್ಮ ರಾಂಪುರಕ್ಕೆ ಬಂದು ಕೊಳ್ಳಬೇಕು. ಬಿಲ್ಲಿಗೆ ಆಂಧ್ರದ ವಿಳಾಸ ಬರೆಯದಿದ್ದರೆ ಅದು ಇಲ್ಲಿಯ ವ್ಯಾಪಾರವೇ.

ಅವರೇ ಬಂದರೆ... ಬಸ್ಸಿನಲ್ಲಿ ದಾರಿ ಪೂರ್ತಿ ಅದೇ ಗುಂಗು.

ಜನವರಿ 16, ಗುರುವಾರ

ಹೇಳಿಬಿಟ್ಟೆ. “ಪಾಪಕ್ಕ, ಇನ್ಮೇಲೆ ಕಳಿಸೋಕಾಗಲ್ಲ. ಸರ್ಕಾರದ ರೂಲ್ಸು. ನೀವೇ ಬಂದು ತಗೋಬೇಕು.”

ನಂಬರ್ ಮಾತು ಎತ್ತಲಿಲ್ಲ. ಬೇಕೆಂದೇ.

“ಅಯ್ಯೋ ದೇವುಡಾ! ಈ ಮಂಡಿ ಇಟ್ಕೊಂಡು ಬಸ್ ಹತ್ಲಾ?” ಆಮೇಲೆ, “ನೋಡ್ತೀನಮ್ಮಾ” ಅಂದರು.

ಬರುತ್ತಾರೆ. ಹೊಸ ಚಾಪೆ ತೆಗೆದಿಟ್ಟೆ.

ಜನವರಿ 30, ಗುರುವಾರ

ಹೋದ ವಾರವೂ ಪಾಪಕ್ಕನ ಸುದ್ದಿಯಿಲ್ಲ, ಈ ವಾರವೂ ಇಲ್ಲ. ನಾನೇ ಫೋನ್ ಮಾಡೋಣವೆಂದರೆ ಮುಖವಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಇದ್ದ ಒಂದು ದನಿಯನ್ನೂ ಕಳಕೊಂಡೆ. ಚೆನ್ನಾಗಿ ಅತ್ತೆ.

ಫೆಬ್ರವರಿ 4, ಮಂಗಳವಾರ

ಪಾಪಕ್ಕ! ದನಿ ಗಡುಸು.

“ನಮ್ ಮೊಮ್ಮಗಳು ಸರಿತಾ ಕಾಮರ್ಸ್ ಓದ್ತಾಳೆ. ನಂಬರ್ ಮಾಡಿಸಿದ್ರೆ ನೀನು ಕಳಿಸ್ಬೋದಂತಲ್ಲ? ನಾನು ಬರೋದೇ ಬೇಡವಂತಲ್ಲ?”

ಒಂದು ಸುಳ್ಳಿಗಾಗಿ ತಡಕಾಡಿದೆ. ಸಿಗಲಿಲ್ಲ.

“ಹೌದು ಪಾಪಕ್ಕ. ನಂಬರ್ ಮಾಡಿಸ್ತೀನಿ, ಪುಡಿ ಕಳಿಸ್ತೀನಿ. ಆದ್ರೂ ಬರ್ರಿ. ನಮ್ಮನೆಗೆ ಯಾರೂ ಬರಲ್ಲ.”

ಪಾಪಕ್ಕನ ದನಿ ಮೆತ್ತಗಾಯಿತು —

“ಮುಂಚೇನೇ ಹಂಗನ್ನಬಾರ್ದಾ? ಚಟ್ನಿಪುಡಿ ತರೋಕೆ ಹೋಗ್ತೀನಿ ಅಂದ್ರೆ ಮಗ ಬಿಡ್ಲಿಲ್ಲ. ‘ಇಲ್ಲೇ ಅಂಗಡೀಲಿ ಸಿಗಲ್ವಾ’ ಅಂದ. ನಿನ್ನ ನೋಡೋಕೆ ಅಂದ್ರೆ ಬೇಡ ಅಂತಾನಾ?”

ಫೆಬ್ರವರಿ 6, ಗುರುವಾರ, ಬೆಳಿಗ್ಗೆ

ಹತ್ತು ದಾಟಿತು. ಫೋನ್ ಇಲ್ಲ. ಬಳ್ಳಾರಿ ಕಡೆಯಿಂದ ಬರುವ ಬಸ್ಸು ಬಂದು ನಿಂತಿದೆ, ಕಿಟಕಿಯಿಂದ ಕಾಣುತ್ತದೆ. ಕಂಡಕ್ಟರ್ ಯಾರದೋ ಕೈ ಹಿಡಿದಿದ್ದಾನೆ. ಬಲು ನಿಧಾನ... ಮಂಡಿ ಮೇಲೆ ಕೈಯಿಟ್ಟು ಒಂದು ಕಾಲು ಕೆಳಗಿಟ್ಟರು, ಇನ್ನೊಂದು —