ಗೋಡೆಯ ಮೇಲಿನ ಮಂದೆ

ಸೋಮವಾರ, ಊಟದ ನಂತರ

ನನ್ನ ಮುಂಗೋಪಿ ಅಕ್ಕನಿಗೆ ತಂಗಿಯ ನಮಸ್ಕಾರ. ಕ್ಷೇಮ ಸಮಾಚಾರ ಆಮೇಲೆ.

ಇಷ್ಟು ದಿನ ಕಾಗದವಿಲ್ಲವೆಂದು ನೀನು ಹಲ್ಲು ಕಡಿಯುತ್ತಿರುತ್ತೀಯ, ಗೊತ್ತು. ಯಜಮಾನರ ಊಟದ ಕೋಣೆಯ ಗೋಡೆ ತುಂಬ ಹುಲ್ಲುಗಾವಲಿನ ಚಿತ್ರ ಬರೆಯುವ ಕೆಲಸ ಇನ್ನೂ ಮುಗಿದಿಲ್ಲ. ಹಸು, ಎತ್ತು, ನಾಯಿ ಎಲ್ಲವೂ ಮೊಣಕಾಲುದ್ದದ ಹುಲ್ಲಿನಲ್ಲಿ ನಿಂತಿವೆ. ಗೊರಸು ಬರೆಯಲು ಬಾರದವಳು ಹುಲ್ಲು ಬೆಳೆಸುತ್ತಾಳೆ ಎಂದು ನೀನು ನಗುತ್ತೀಯ, ನಗು.

ಯಜಮಾನರಿಗೆ ಪ್ರತಿಯೊಂದು ಪ್ರಾಣಿಗೂ ಅರ್ಥ ಬೇಕು. ನಾಯಿ ಎಂದರೆ ನಿಷ್ಠೆ, ಎತ್ತು ಎಂದರೆ ತಾಳ್ಮೆ, ಕುರಿ ಎಂದರೆ ನಂಬಿಕೆ ಎಂದು ಊಟ ಮಾಡುತ್ತಲೇ ನನಗೆ ಪಾಠ ಹೇಳುತ್ತಾರೆ. ನಮ್ಮ ಕಸುಬಿನಲ್ಲಿ ಬಿಳಿ ಕುರಿ ಎಂದರೆ, ಮೂಲೆ ತೀರಾ ಕಪ್ಪಾಯಿತು, ಅಲ್ಲೊಂದು ಬೆಳಕು ಬೇಕು, ಅಷ್ಟೇ. ಅದನ್ನು ಅವರಿಗೆ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ.

ನನ್ನ ಕೈ ಸುಮ್ಮನಿರುವುದಿಲ್ಲವಲ್ಲ. ತಮಾಷೆಗೆಂದು ಎತ್ತಿಗೆ ಇಲ್ಲಿನ ಅಡುಗೆಯವರ ಜೋಲು ಕಣ್ಣು ಇಟ್ಟೆ. ಅವರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಜಮಾನರು ಮಾತ್ರ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಬಹಳ ಹೊತ್ತು ನೋಡಿ, "ಚೆನ್ನಾಗಿದೆ. ಮನೇಲಿರೋರನ್ನೆಲ್ಲ ಹೀಗೇ ಬರಿ" ಎಂದರು. ಹಸುವಿಗೆ ಬಟ್ಟೆ ಒಗೆಯುವವಳ ಮುಖ ಬಂತು, ನಾಯಿಗೆ ಕಾವಲುಗಾರನದು.

ಆಮೇಲೊಂದು ದಿನ ಹಸುವನ್ನು ಅಳಿಸಲು ಹೇಳಿದರು. ಹಸಿರು ಬಳಿದು ಮುಚ್ಚಿದೆ. ಮಾರನೆಯ ದಿನದಿಂದ ಬಟ್ಟೆ ಒಗೆಯುವವಳು ಕಾಣಲಿಲ್ಲ, ಊರಿಗೆ ಹೋದಳಂತೆ. ಹೋದ ವಾರ ಎತ್ತನ್ನೂ ಅಳಿಸಲು ಹೇಳಿದರು. ಅಡುಗೆಯವರೂ ಊರಿಗೆ ಹೋದರಂತೆ. ಅವರ ಕನ್ನಡಕ ಒಲೆಯ ಪಕ್ಕದಲ್ಲೇ ಇದೆ. ಅದಿಲ್ಲದೆ ಅವರಿಗೆ ಎದುರಿನ ಬಾಗಿಲೂ ಕಾಣದು, ಅಕ್ಕಾ. ಕಾವಲುಗಾರನನ್ನು ಕೇಳಿದರೆ, "ನಿಂಗ್ಯಾಕಮ್ಮ ಇಲ್ಲದ ಉಸಾಬರಿ? ನಿನ್ನ ಕೆಲಸ ನೋಡ್ಕೋ" ಎಂದು ಗದರಿ ಗೇಟಿಗೆ ಬೀಗ ಹಾಕಿದ. ಅಂದಿನಿಂದ ಆ ಬೀಗ ನನಗಾಗಿ ತೆರೆದಿಲ್ಲ. ನನಗೆ ಭಯವಾಗುತ್ತಿದೆ.

ನಿನ್ನೆ ಯಜಮಾನರು ಕನ್ನಡಿ ತಂದು ನನ್ನ ಮುಂದಿಟ್ಟು, ಮೂಲೆಯಲ್ಲಿ ಒಂದು ಕುರಿ ಬರೆ ಎಂದರು. ನನ್ನ ಮುಖವನ್ನೇ ಬರೆದೆ. ಮೂಗು ಸೊಟ್ಟಗಾಯಿತು. ಅವರಿಗೆ ಅದರ ಪರಿವೆಯಿಲ್ಲ. "ಒಂಟಿ ಕುರಿ ಚೆನ್ನಾಗಿ ಕಾಣಲ್ಲ. ನಿಂಗೊಬ್ಬರು ಅಕ್ಕ ಇದಾರೆ ಅಂದಿದ್ದೆಯಲ್ಲ?" ಎಂದು ಕೇಳಿದರು. ಯಾವಾಗ ಅಂದಿದ್ದೆನೋ, ನನ್ನ ಬಾಯಿಗೆ ಮಣ್ಣು ಹಾಕ! ಅವಳ ಮುಖ ಸರಿಯಾಗಿ ನೆನಪಿಲ್ಲ ಎಂದೆ. "ಅದಕ್ಕೇನು, ಕರೆಸೋಣ. ನೋಡ್ಕೊಂಡೇ ಬರೀವಂತೆ" ಎಂದು ನಕ್ಕರು.

ಬಣ್ಣ ತಂದುಕೊಡುವವನು ಇವತ್ತು ಖಾಲಿ ಡಬ್ಬಿಗಳನ್ನು ವಾಪಸು ಒಯ್ಯುತ್ತಾನೆ. ಒಂದರೊಳಗೆ ಈ ಕಾಗದ ಇರುತ್ತದೆ. ಒಳ್ಳೆಯವನು, ನಿನಗೆ ಮುಟ್ಟಿಸುತ್ತಾನೆ. ಓದಿದ ತಕ್ಷಣ ಪೊಲೀಸರಿಗೆ ತೋರಿಸು. ಒಬ್ಬಳೇ ಯಾವ ಸಾಹಸಕ್ಕೂ ಕೈ ಹಾಕಬೇಡ.

ಇಂತಿ,
ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ನಾಳೆಯೋ ನಾಡಿದ್ದೋ ನಿನಗೆ ಇನ್ನೊಂದು ಕಾಗದ ಬರುತ್ತದೆ. ಅಕ್ಷರ ನನ್ನದೇ. ನಿನ್ನನ್ನು ನೋಡಬೇಕೆನಿಸಿದೆ, ಕೂಡಲೇ ಹೊರಟು ಬಾ ಎಂದಿರುತ್ತದೆ. ಬೆಳಿಗ್ಗೆ ಅದನ್ನು ಬರೆಯುವಾಗ ಯಜಮಾನರು ನನ್ನ ಹಿಂದೆಯೇ ನಿಂತಿದ್ದರು. ಬರಬೇಡ, ಅಕ್ಕಾ. ನಿನ್ನನ್ನು ನೋಡಬೇಕೆನಿಸಿದ್ದು ಮಾತ್ರ ನಿಜ.