ನಮ್ಮ ಸೊಸೆ ಜುಂಜಮ್ಮ

೨೮-೧೦-೧೯೯೮, ಬುಧವಾರ

ಬೆಳಗ್ಗೆ ರಾಗಿ ಅಂಬಲಿ. ಮಂಡಿಗೆ ಹರಳೆಣ್ಣೆ. ಸೊಸೆ ಜುಂಜಮ್ಮನೇ ಕಾಯಿಸಿ ತಂದಳು. ಹೊಲವನ್ನು ಮಗ ಪಾತಣ್ಣನಿಗೆ ಬಿಟ್ಟುಕೊಟ್ಟ ಮೇಲೆ ನನ್ನ ಕೆಲಸ ಇಷ್ಟೇ — ಕಟ್ಟೆಯ ಮೇಲೆ ಕೂರುವುದು, ಕೋಳಿ ಓಡಿಸುವುದು, ಇದನ್ನು ಬರೆಯುವುದು. ಗುಡ್ಡದಂಚಿನ ಹೊಲದಲ್ಲಿ ಶೇಂಗಾ ಕಿತ್ತು ಹಾಕಿದ್ದಾರೆ. ಕರಡಿ ಬಂದು ತಿನ್ನುತ್ತಿದೆಯಂತೆ. ಹೆಂಗಸರನ್ನು ಒಬ್ಬೊಬ್ಬರನ್ನೇ ಕಳಿಸಬೇಡ ಎಂದೆ.

"ನಿಂಗ್ಯಾಕಪ್ಪ ಇನ್ನಾ ಹೊಲದ ಉಸಾಬರಿ? ಸುಮ್ನೆ ಕುಂತ್ಕ" ಎಂದ ಪಾತಣ್ಣ. ಸುಮ್ಮನೆ ಕುಳಿತೆ.

೩೧-೧೦, ಬಳ್ಳಾರಿ

ನಿನ್ನೆ ಬರೆಯಲಾಗಲಿಲ್ಲ.

ನಿನ್ನೆ ಬೆಳಗಿನ ಜಾವ ಜುಂಜಮ್ಮ ಶೇಂಗಾ ಬಳ್ಳಿ ತರಲು ಒಬ್ಬಳೇ ಹೋಗಿದ್ದಳು. ಬಂಡೆಯ ಮರೆಯಲ್ಲಿತ್ತಂತೆ ಕರಡಿ. ಪಕ್ಕದ ಹೊಲದವರು ಕಲ್ಲು ಬೀರಿ ಓಡಿಸಿದರು. ಕಂಬಳಿಯಲ್ಲಿ ಹೊತ್ತು ತಂದರು. ಮುಖ ನೋಡಿ ಗುರುತು ಸಿಗಲಿಲ್ಲ. ಕಾಲಿನ ಉಂಗುರ ನೋಡಿ ಪಾಲಮ್ಮ ಕಿರುಚಿದಳು... ನನ್ನ ಹೆಂಡತಿ ಹಾಗೆ ಕಿರುಚಿದ್ದನ್ನು ಎಂದೂ ಕೇಳಿರಲಿಲ್ಲ.

ಪಾತಣ್ಣ ಕುರಿ ಮಾರಲು ಚಳ್ಳಕೆರೆಗೆ ಹೋಗಿದ್ದ. ಬೋರಿನ ಮೋಟಾರ್ ರಿಪೇರಿಗೆಂದು ಮೊಳಕಾಲ್ಮುರಿನ ಮೆಕ್ಯಾನಿಕ್ ಅಬ್ದುಲ್ ಖಾದರ್ ಊರಲ್ಲಿದ್ದ. ಅವನ ಜೀಪಿಗೇ ಹತ್ತಿಸಿದೆವು.

"ಬೋರಣ್ಣಾರೆ, ತಲೆ ತೊಡೆ ಮ್ಯಾಲೆ ಇಟ್ಕೊಳ್ರಿ. ಮಾತಾಡಿಸ್ತಾನೇ ಇರ್ರಿ. ನಿದ್ದೆ ಹೋಗಾಕ್ ಬಿಡಬ್ಯಾಡ್ರಿ" ಎಂದ ನನಗೆ ಖಾದರ್.

ಬಳ್ಳಾರಿಯವರೆಗೂ ಮಾತಾಡಿದೆ. ಮೇಕೆ ಮರಿ, ಮಳೆ, ಅವಳ ತವರಿನ ಹುಣಸೆಮರ, ಏನೇನೋ. ನನ್ನ ಬೆರಳು ಹಿಡಿದವಳು ಆಪರೇಷನ್‌ಗೆ ಒಯ್ಯುವವರೆಗೂ ಬಿಡಲಿಲ್ಲ.

೯-೧೧, ಆಸ್ಪತ್ರೆ

ಜೀವ ಉಳಿಯಿತು. ಎಡಗಣ್ಣು ಹೋಯಿತು. ಮೂಗಿನ ಒಂದು ಬದಿ, ಕೆನ್ನೆ, ತುಟಿಯ ತುದಿ... ಡಾಕ್ಟರು ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಚ್ಚಿದ್ದಾರೆ.

ಪಾತಣ್ಣ ಬಂದಿದ್ದ. ಡ್ರೆಸಿಂಗ್ ಬಿಚ್ಚುವಾಗ ಎದ್ದು ಹೊರಗೆ ಹೋದ. ಮತ್ತೆ ವಾರ್ಡಿನೊಳಗೆ ಬರಲಿಲ್ಲ. ಗೇಟಿನ ಹತ್ತಿರ ಬೀಡಿ ಸೇದುತ್ತ ನಿಂತಿದ್ದು, ಹಾಗೇ ಬಸ್ ಹತ್ತಿದನಂತೆ.

ಜುಂಜಮ್ಮ ಇಂದು ಬಾಯಿಬಿಟ್ಟಳು. "ಮಾವ, ಶೇಂಗಾ ಮನಿಗೆ ಬಂತಾ?" ಬಂತು ಎಂದೆ. ಮತ್ತೆ — "ನೀವಾದ್ರೂ ಸುಳ್ಳು ಹೇಳಬ್ಯಾಡ್ರಿ. ನನ್ ಮುಖ ಹೆಂಗೈತೆ?"

"ಬಲಗಡೆ ಮುಂಚಿನಂಗೇ ಐತೆ. ಎಡಗಡೆ ಇಲ್ಲಮ್ಮ" ಎಂದೆ.

ಗೋಡೆಯ ಕಡೆ ತಿರುಗಿದಳು. ಕುಡಿಯಲೆಂದು ತಂದಿದ್ದ ಹಾಲು ಹಾಗೇ ಉಳಿಯಿತು.

೬-೧೨

ಮನೆಗೆ ಬಂದು ವಾರವಾಯಿತು. ಪಾತಣ್ಣ ಕುರಿ ಕೂಡಿಹಾಕುವ ರೊಪ್ಪದಲ್ಲೇ ಮಲಗುತ್ತಾನೆ. ಪಾಲಮ್ಮ ತಟ್ಟೆಯನ್ನು ದೂರದಿಂದ ತಳ್ಳುತ್ತಾಳೆ. ಕೆಟ್ಟವಳಲ್ಲ. ಸೊಸೆ ಆಸ್ಪತ್ರೆಯಲ್ಲಿದ್ದಾಗ ಜಟಿಂಗ ರಾಮೇಶ್ವರನ ಗುಡ್ಡವನ್ನು ಬರಿಗಾಲಲ್ಲಿ ಹತ್ತಿ ಹರಕೆ ಹೊತ್ತವಳು. ಈಗ, ಎದ್ದ ಕೂಡಲೇ ಆ ಮುಖ ನೋಡಲಾರೆ ಎನ್ನುತ್ತಾಳೆ. ಜುಂಜಮ್ಮ ಮುಖದ ಮೇಲೆ ಸೆರಗು ಎಳೆದುಕೊಂಡೇ ಕಸ ಗುಡಿಸುತ್ತಾಳೆ.

೧೯-೧-೧೯೯೯

ಪಾತಣ್ಣನಿಗೆ ಇನ್ನೊಂದು ಮದುವೆಯಂತೆ. ರಾಯದುರ್ಗದ ಕಡೆಯ ಹೆಣ್ಣು. ತಾಯಿ ಮಗ ಸೇರಿ ಮಾತಾಡಿ ಮುಗಿಸಿದ ಮೇಲೆ ನನ್ನ ಕಿವಿಗೆ ಬಿತ್ತು.

"ಆಕೆ ಮಾಡಿದ ತಪ್ಪೇನಲೇ?"

"ತಪ್ಪು ಅಂತ ನಾನೆಲ್ಲಂದೆ? ನಂಗೆ ಆಗ್ತಿಲ್ಲಪ್ಪ. ಕಣ್ಮುಚ್ಚಿದ್ರೂ ಅದೇ ಕಾಣ್ತೈತೆ." ಹೇಳುತ್ತಲೇ ಅತ್ತ. ಕಪಾಳಕ್ಕೆ ಹೊಡೆಯಬೇಕೆಂದು ಎದ್ದವನು ಹಾಗೇ ನಿಂತೆ. ಮೀಸೆ ಬಂದ ಮೇಲೆ ಅವನು ಅತ್ತಿದ್ದನ್ನು ನೋಡಿದ್ದು ಇದೇ ಮೊದಲು.

೭-೨, ಭಾನುವಾರ

ಹೆಣ್ಣಿನ ಕಡೆಯವರು ಬಂದರು. ಮೊದಲ ಹೆಂಡತಿ ಸಂಬಂಧ ಹರಿದುಕೊಂಡು ತವರು ಸೇರಿದಳೆಂದು ಅವರಿಗೆ ಹೇಳಿದ್ದಾರೆ. ಜುಂಜಮ್ಮನನ್ನು ಹಿತ್ತಲ ಹುಲ್ಲಿನ ಕೊಟ್ಟಿಗೆಯಲ್ಲಿ ಕೂರಿಸಿದ್ದರು. "ನೀನು ಬಾಯಿ ಬಿಡಬ್ಯಾಡ, ನಿನ್ ಕಾಲಿಗೆ ಬೀಳ್ತೀನಿ" ಎಂದು ನನಗೆ ಹೇಳಿದ್ದಳು ಪಾಲಮ್ಮ. ಬಿಳಿ ಅಂಗಿ ತೊಟ್ಟು ಕುಳಿತೆ.

ಮಾತು ಕುದುರುವ ಹೊತ್ತಿಗೆ ಹಿತ್ತಲಿನಿಂದ ಜುಂಜಮ್ಮ ಬಂದಳು. ಕೈಯಲ್ಲಿ ನೀರಿನ ಚೊಂಬು. ತಲೆಯ ಮೇಲೆ ಸೆರಗಿತ್ತು, ಮುಖದ ಮೇಲಿರಲಿಲ್ಲ. ಒಬ್ಬೊಬ್ಬರ ಮುಂದೆಯೂ ನಿಂತು ನೀರು ಕೊಟ್ಟಳು. ಹೆಣ್ಣಿನ ಅಪ್ಪನ ಕೈಯಿಂದ ಲೋಟ ಜಾರಿತು.

"ಎವುರು ಈ ಅಮ್ಮಾಯಿ? ಯಾರ್ರಿ ಈಕೆ?"

"ಕೂಲಿಯಾಕಿ" ಎಂದಳು ಪಾಲಮ್ಮ.

ಅವನು ನನ್ನ ಕಡೆ ತಿರುಗಿದ. "ಹಿರೇರು ನೀವು ಹೇಳ್ರಿ."

ಪಾತಣ್ಣ ನೆಲ ನೋಡುತ್ತಿದ್ದ. ಜುಂಜಮ್ಮ ನನ್ನನ್ನು ನೋಡಲಿಲ್ಲ. ಬಿದ್ದ ಲೋಟ ಎತ್ತಿಕೊಳ್ಳುತ್ತಿದ್ದಳು.

"ನಮ್ಮ ಸೊಸೆ" ಎಂದೆ. "ಪಾತಣ್ಣನ ಹೆಂಡ್ತಿ. ಈ ಮನಿಯಾಗೇ ಅದಾಳೆ. ಎಲ್ಲೂ ಹೋಗಿಲ್ಲ."

ಎದ್ದು ಹೋದರು. ತಂದಿದ್ದ ಹೂವು ಹಣ್ಣು ಸಮೇತ.

೮-೨

ಪಾತಣ್ಣ ಬಟ್ಟೆ ಕಟ್ಟಿಕೊಂಡ. ಕುರಿ ಹೊಡೆದುಕೊಂಡು ಹೊರಟ. "ನಿನ್ನ ಸೊಸೆ, ನಿನ್ನ ಹೊಲ. ನೀನೇ ನೋಡ್ಕ." ಪಾಲಮ್ಮ ಊರ ಬಾಗಿಲವರೆಗೂ ಹಿಂದೆ ಓಡಿದಳು. ಬಂದವಳು ನನ್ನೊಡನೆ ಮಾತು ಬಿಟ್ಟಳು.

೨೭-೬

ಮಳೆ ಬಂತು. ಗುಡ್ಡದಂಚಿನ ಹೊಲ ಬಿತ್ತಿದೆವು. ಬಾಡಿಗೆ ಎತ್ತು. ಮಂಡಿ ಕೇಳುವುದಿಲ್ಲ, ಆದರೂ ಕೂರಿಗೆ ಹಿಡಿದೆ. ಜುಂಜಮ್ಮ ಬೀಜ ಬಿಟ್ಟಳು. ಬಂಡೆಯ ಪಕ್ಕ ಬಂದಾಗಲೆಲ್ಲ ಅವಳ ಕೈ ನಿಲ್ಲುತ್ತಿತ್ತು. ನಾನೂ ನಿಲ್ಲಿಸುತ್ತಿದ್ದೆ. "ನಡೀರಿ ಮಾವ" ಎನ್ನುವಳು. ಮತ್ತೆ ನಡೆಯುವುದು.

ಮನೆಗೆ ಬಂದಾಗ ಪಾಲಮ್ಮ ನೀರು ಕಾಯಿಸಿಟ್ಟಿದ್ದಳು. ಯಾರಿಗೆ ಎಂದು ಹೇಳಲಿಲ್ಲ.

ಸಂಜೆ ಜುಂಜಮ್ಮ ಕೇಳಿದಳು — "ಮಳೆ ಆತಲ್ಲ ಮಾವ, ಅವರು ಬಿತ್ತನೆಗಾದ್ರೂ ಬರ್ತಾರೇನೋ ಅಂದ್ಕಂಡಿದ್ದೆ." ಕೂರಿಗೆಗೆ ಮೆತ್ತಿದ ಮಣ್ಣು ಕೆರೆಯತೊಡಗಿದೆ.

೧೨-೭, ಸಂಜೆ

ಖಾದರ್ ಬಂದಿದ್ದ. ಮೋಟಾರ್ ಕೆಲಸವೇನೂ ಇರಲಿಲ್ಲ. ಚಹಾ ಕುಡಿಯಲಿಲ್ಲ. ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಟೋಪಿ ತಿರುಗಿಸುತ್ತಿದ್ದ.

"ಹ್ಯಾಂಗ್ ಹೇಳ್ಲಿ ಬೋರಣ್ಣಾರೆ... ಪಾತಣ್ಣಂದು ಮದ್ವಿ ಆಗಿಹೋತು. ಮೊನ್ನೆ. ರಾಯದುರ್ಗದ ಆ ಕಡಿ ಒಂದ್ ಗುಡಿಯಾಗೆ. ನಾನೇ ಕಣ್ಣಾರೆ ನೋಡ್ದೆ."

ಒಳಗೆ ಪಾಲಮ್ಮನಿಗೂ ಕೇಳಿಸಿತು. ಒಲೆಯ ಮುಂದೆ ಅಳುತ್ತ ಕುಳಿತಿದ್ದಾಳೆ. ಬೇಕೆಂದದ್ದೇ ಆಯಿತಲ್ಲ, ಯಾಕೆ ಅಳುತ್ತೀ ಎಂದು ಕೇಳಬೇಕೆನಿಸಿತು. "ಆಕೀಗೆ ನಾನು ಹೇಳಲ್ಲ. ನೀನೇ ಹೇಳು" ಎಂದಳು. ಐದು ತಿಂಗಳ ಮೇಲೆ ನನ್ನೊಡನೆ ಆಡಿದ ಮೊದಲ ಮಾತು.

ಜುಂಜಮ್ಮ ಬರುತ್ತಿದ್ದಾಳೆ. ತಲೆಯ ಮೇಲೆ ಹುಲ್ಲಿನ ಹೊರೆ. ದಾರಿಯಲ್ಲಿ ಯಾರನ್ನೋ ಮಾತಾಡಿಸಿ ನಗುತ್ತಿದ್ದಾಳೆ. ನಕ್ಕಿದ್ದನ್ನು ಕೇಳಿ ಎಷ್ಟು ದಿನವಾಗಿತ್ತು.

ಹೊರೆ ಇಳಿಸಲಿ. ಕೈಕಾಲು ತೊಳೆದು ಒಂದು ತುತ್ತು ಉಣ್ಣಲಿ. ಆಮೇಲೆ —