ಗಡ್ಡೆ ಮಾತ್ರ

ಮಳವಳ್ಳಿ
೧೯ ನವೆಂಬರ್ ೧೯೭೭

ವೆಂಕಟೇಶಮೂರ್ತಿಯವರಿಗೆ ರಂಗನಾಯಕಿಯ ನಮಸ್ಕಾರ.

ಹನ್ನೊಂದು ವರ್ಷ ನಿಮ್ಮನ್ನು ಕರೆಯುತ್ತಿದ್ದ ಬೇರೆ ಮಾತುಗಳು ಇವತ್ತು ಕೈಗೆ ಬರುತ್ತಿಲ್ಲ.

ಮಂಡ್ಯದಿಂದ ಕಳಿಸಿದ ವಿಚ್ಛೇದನದ ಅರ್ಜಿ ತಲುಪಿತು. ‘ಇಬ್ಬರ ಒಪ್ಪಿಗೆ’ ಎಂದಿದೆ. ಜೊತೆಗಿನ ಚೀಟಿಯಲ್ಲಿ, ನಿನಗೆ ಮಕ್ಕಳಾಗುವಂತಿಲ್ಲ, ನೀನೇ ಅರ್ಥಮಾಡಿಕೊ ಎಂದು ಬರೆದಿದ್ದೀರಿ. ಅರ್ಥವಾಗಿದೆ.

ಎರಡು ವರ್ಷದ ಹಿಂದೆ ರಕ್ತ ಹೋಗಿ ಹೋಗಿ ನಾನು ಶಾಲೆಯಲ್ಲಿ ಬೋರ್ಡಿನ ಮುಂದೆ ಬಿದ್ದಾಗ, ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದವರು ನೀವೇ. ಅದನ್ನು ಮರೆತಿಲ್ಲ. ಗರ್ಭಕೋಶಕ್ಕೆ ಔಷಧಿ ತುಂಬಿ ಎಕ್ಸ್‌ರೇ ತೆಗೆದರು. ಡಾಕ್ಟರಮ್ಮ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಇಬ್ಬರಿಗೂ ತೋರಿಸಿದರು. ಎಡಗಡೆಯಿಂದ ಗಡ್ಡೆ ಒತ್ತಿದೆ, ಮಿಕ್ಕದ್ದೆಲ್ಲ ಚೆನ್ನಾಗಿದೆ, ನಾಳಗಳೆರಡೂ ತೆರೆದಿವೆ, ಗಡ್ಡೆ ಮಾತ್ರ ಬಿಡಿಸಿ ತೆಗೆಯುತ್ತೇನೆ ಎಂದರು. ಆಮೇಲೆ, ನೀವೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ನಿಮಗೆ ಹೇಳಿದರು. ನೀವು ಕನ್ನಡಕ ಒರೆಸುತ್ತಿದ್ದಿರಿ.

ಆಪರೇಷನ್ ಆಗಿ ನನಗೆ ಎಚ್ಚರವಾದಾಗ, ರಕ್ತ ನಿಲ್ಲಲಿಲ್ಲ, ಗರ್ಭಕೋಶವನ್ನೇ ತೆಗೆಯಬೇಕಾಯಿತು ಎಂದು ಕೈ ಹಿಡಿದು ಅತ್ತಿರಿ. ನಾನೇ ನಿಮಗೆ ಸಮಾಧಾನ ಹೇಳಿದೆ. ಆರು ತಿಂಗಳಿಗೆ ನನ್ನನ್ನು ಈ ಊರಿಗೆ ವರ್ಗ ಮಾಡಿಸಿದಿರಿ.

ಮೊನ್ನೆ ಪೂರಿಗಾಲಿಯ ಚಿಕ್ಕಮಾದಮ್ಮ ಸಿಕ್ಕಿದ್ದಳು, ಆಗ ಆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಗುರುತು ಹಿಡಿದು ಕೇಳಿದಳು: “ಯಾಕವ್ವ ಒಪ್ಕಂಡ್ರಿ? ಗಡ್ಡೆ ಮಾತ್ರ ತೆಗೀತೀನಿ ಅಂತ ಡಾಕ್ಟ್ರಮ್ಮ ಎಷ್ಟೇಳುದ್ರೂ, ನನ್ನೆಂಡ್ತೀನೇ ಗರ್ಭಕೋಸ ಬ್ಯಾಡ ಅಂದವ್ಳೆ, ಎಲ್ಲಾನೂ ತೆಗುದ್ಬುಡಿ ಅಂತ ನಿಮ್ಮೆಜಮಾನ್ರು ರುಜು ಆಕುದ್ರಲ್ಲ.”

ಹೌದು, ನಾನೇ ಹೇಳಿದ್ದೆ ಎಂದೆ. ಅವಳ ಮುಂದೆಯೂ ನಿಮ್ಮ ಮಾನ ಕಾಪಾಡಿದೆ. ಹಳೆಯ ಅಭ್ಯಾಸ.

ನನ್ನಲ್ಲಿ ದೋಷವಿಲ್ಲ ಎಂದಾದರೆ ಜನ ನಿಮ್ಮ ಕಡೆ ನೋಡುತ್ತಿದ್ದರು. ಆ ನೋಟ ತಪ್ಪಿಸಿಕೊಳ್ಳಲು ನನ್ನ ಒಡಲನ್ನು ಬರಿದು ಮಾಡಿಸಿದಿರಿ. ನನಗೆ ಮಗುವಾಗುತ್ತಿತ್ತೋ ಇಲ್ಲವೋ ತಿಳಿಯದು. ತಿಳಿಯುವ ದಾರಿಯನ್ನೂ ನೀವು ಉಳಿಸಲಿಲ್ಲ.

ಅರ್ಜಿಗೆ ರುಜು ಹಾಕಿ ಇದರೊಳಗೆ ಇಟ್ಟಿದ್ದೇನೆ. ಈ ಒಪ್ಪಿಗೆ ನನ್ನದೇ.

ಇತಿ,
ರಂಗನಾಯಕಿ

ತಾ.ಕ.: ಮದ್ದೂರಿನ ಪಂಕಜಮ್ಮನವರು ನಿನ್ನೆ ಬಂದಿದ್ದರು. ಮಗಳನ್ನು ನಿಮಗೆ ಕೊಡುವ ಯೋಚನೆಯಂತೆ. “ಮಕ್ಕಳಾಗದ್ದು ನಿಮ್ಮ ದೆಸೆಯಿಂದಲೇ ಅಲ್ಲವೇನಮ್ಮಾ?” ಎಂದು ನನ್ನನ್ನು ಕೇಳಿದರು. ಹೌದು ಎಂದು ಕಾಫಿ ಕೊಟ್ಟು ಕಳಿಸಿದೆ. ರಾತ್ರಿಯೆಲ್ಲ ಆ ಹುಡುಗಿಯದೇ ಯೋಚನೆ. ಈ ಕಾಗದವನ್ನು ಅಂಚೆಗೆ ಹಾಕಿ, ಹತ್ತು ಗಂಟೆಯ ಬಸ್ಸಿಗೆ ಮದ್ದೂರಿಗೆ ಹೋಗುತ್ತಿದ್ದೇನೆ.